ತೋಟದಲ್ಲಿ ಕಂಡಿದ್ದು ಕುಳ್ಳ ಮನುಷ್ಯನೋ, ಕರಡಿಯೋ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಹೋದ ತಿಂಗಳು ನಮ್ಮ ಲೈನಿನಲ್ಲಿ (ತೋಟದ ಕೆಲಸದವರ ಸಾಲುಮನೆಗಳಲ್ಲಿ) ಇರುವ ಒಬ್ಬರು ಸಂಜೆ ಮಬ್ಬಿನಲ್ಲಿ ಹಳ್ಳದ ಆಚೆ ಎರಡು ಕಾಲಿನ ಮೇಲೆ ನಿಂತಿದ್ದ, ಮೂರಡಿ ಎತ್ತರದ, ಮೈತುಂಬ ಕೂದಲಿದ್ದ ಏನನ್ನೋ ನೋಡಿದರಂತೆ. ಮಾರನೇ ದಿನ ಅಲ್ಲೇ ಕೆಸರಿನಲ್ಲಿ ಮನುಷ್ಯರ ಪಾದದಂಥ ಹೆಜ್ಜೆ ಸಿಕ್ಕಿತು. ಫೋಟೋ ಕಳಿಸಿದ್ದೇನೆ. ಇಂಡೋನೇಷ್ಯಾದಲ್ಲಿ ಒಬ್ಬ ಮಾನವಶಾಸ್ತ್ರಜ್ಞರು ಇಂಥದ್ದೇ ಕುಳ್ಳ ಜೀವಿಗಳನ್ನು ಹುಡುಕಿದ್ದಾರೆ, ಅವು ಈಗಲೂ ಇರಬಹುದು ಅಂದಿದ್ದಾರೆ ಎಂದು ಓದಿದೆ. ನಮ್ಮಜ್ಜಿ ಕೂಡ ಮೋರಿಯರು ಅನ್ನುವ ಕುಳ್ಳರ ಕತೆ ಹೇಳುತ್ತಿದ್ದರು. ಇದರಲ್ಲಿ ನಿಜ ಎಷ್ಟು?

ಉತ್ತರ: ಮೊದಲು ಫೋಟೋ ವಿಷಯ ಮುಗಿಸಿಬಿಡೋಣ. ಅದು ಕರಡಿ.

ಹೆಜ್ಜೆ ಪಕ್ಕ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆದಿದ್ದೀರಲ್ಲ, ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಎಷ್ಟೋ ಜನ ಬರೀ ಕೆಸರಿನ ಫೋಟೋ ಕಳಿಸಿ ಅಳತೆ ನನ್ನನ್ನೇ ಕೇಳುತ್ತಾರೆ. ಈಗ ಆ ಫೋಟೋ ಮತ್ತೆ ನೋಡಿ. ಐದು ಬೆರಳಿವೆ, ಸರಿ, ಹಿಮ್ಮಡಿಯೂ ಇದೆ. ಆದರೆ ಬೆರಳುಗಳೆಲ್ಲ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ ಸಾಲಾಗಿ ನಿಂತಿವೆ. ನಮ್ಮ ಪಾದದ ಹಾಗೆ ಇಳಿಜಾರಾಗಿ ಇಲ್ಲ. ನಮ್ಮಲ್ಲಿ ದೊಡ್ಡ ಬೆರಳು ಒಳಗಡೆ ಇರುತ್ತೆ, ಕರಡಿಗೆ ಹೊರಗಡೆ, ಅಂದ್ರೆ ನಮ್ಮ ಕಿರುಬೆರಳಿರುವ ಜಾಗದಲ್ಲಿ. ಹಾಗಾಗಿ ಕರಡಿಯ ಬಲಗಾಲು ನೋಡಿದವರಿಗೆ ಮನುಷ್ಯರ ಎಡಗಾಲಿನ ಥರ ಕಾಣುತ್ತೆ. ಇನ್ನೂ ಅನುಮಾನ ಇದ್ದರೆ ಬೆರಳುಗಳ ಮುಂದೆ ಸ್ವಲ್ಪ ದೂರದಲ್ಲಿ ಮೊಳೆ ಚುಚ್ಚಿದ ಹಾಗೆ ಸಣ್ಣ ತೂತುಗಳಿವೆ, ಮೂರಂತೂ ಚೆನ್ನಾಗಿ ಕಾಣುತ್ತವೆ. ಹುತ್ತ ಅಗೆಯುವ ಉಗುರು ಅದು. ಹೆಜ್ಜೆ ಅಷ್ಟು ಉದ್ದ ಯಾಕೆ ಅಂತ ಕೇಳಬಹುದು. ಕರಡಿ ನಡೆಯುವಾಗ ಎಷ್ಟೋ ಸಲ ಮುಂಗಾಲಿಟ್ಟ ಜಾಗದ ಮೇಲೇ ಹಿಂಗಾಲು ಬೀಳುತ್ತೆ, ಎರಡು ಹೆಜ್ಜೆ ಸೇರಿ ಒಂದಾಗುತ್ತೆ, ಆಮೇಲೆ ರಾತ್ರಿ ಮಳೆ ಬಂದು ಅಂಚು ಕರಗಿದರೆ ಇನ್ನೂ ಒಂದೆರಡು ಬೆರಳು ಅಗಲವಾಗುತ್ತೆ.

ಹಿಮಾಲಯದ ಯೇತಿ, ಅಂದ್ರೆ ಹಿಮಮಾನವನ ಕತೆಯೂ ಬಹುಪಾಲು ಇಷ್ಟೇ. 1951ರಲ್ಲಿ ಎರಿಕ್ ಶಿಪ್ಟನ್ ಎಂಬ ಪರ್ವತಾರೋಹಿ ಹಿಮದ ಮೇಲಿನ ದೊಡ್ಡ ಹೆಜ್ಜೆಯೊಂದರ ಪಕ್ಕ ಐಸ್ ಕೊಡಲಿ ಇಟ್ಟು ಫೋಟೋ ತೆಗೆದ, ಅದು ಜಗತ್ತೆಲ್ಲ ಸುತ್ತಿತು. ಕೆಸರಿಗೆ ಮಳೆ ಹೇಗೋ ಹಿಮಕ್ಕೆ ಬಿಸಿಲು ಹಾಗೆ, ಹೆಜ್ಜೆ ಹಿಗ್ಗುತ್ತೆ. 1960ರಲ್ಲಿ ಎಡ್ಮಂಡ್ ಹಿಲರಿ ಖುಮ್ಜುಂಗ್ ಊರಿನ ಬೌದ್ಧರ ಗೊಂಪಾದಲ್ಲಿದ್ದ ‘ಯೇತಿಯ ನೆತ್ತಿ’ಯನ್ನು ಕೇಳಿಕೊಂಡು ಹೋಗಿ ಪರೀಕ್ಷೆ ಮಾಡಿಸಿದರು, ಅದು ಸೆರೋ ಎಂಬ ಕಾಡುಮೇಕೆ ಥರದ ಪ್ರಾಣಿಯ ಚರ್ಮದಲ್ಲಿ ಮಾಡಿದ್ದು. 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಎಂಬ ವಿಜ್ಞಾನಿಯ ತಂಡ ಯೇತಿಯದು ಅಂತ ಇಟ್ಟುಕೊಂಡಿದ್ದ ಕೂದಲು, ಮೂಳೆ, ಹಲ್ಲು ಹೀಗೆ 9 ವಸ್ತುಗಳ ಡಿಎನ್‌ಎ ನೋಡಿತು. 8 ಕರಡಿ. ಉಳಿದ ಒಂದು ನಾಯಿ!

ಇಲ್ಲಿಗೆ ಉತ್ತರ ಮುಗಿಸಬಹುದಿತ್ತು. ಆದರೆ ಹೆಜ್ಜೆ ಕರಡಿಯದು ಅಂದ ಮಾತ್ರಕ್ಕೆ ನಿಮ್ಮ ಲೈನಿನವರು ನೋಡಿದ್ದೂ ಕರಡಿಯೇ ಅಂತ ಆಗುವುದಿಲ್ಲ ನೋಡಿ. ಅವರು ನೋಡಿದ್ದು ಸಂಜೆ, ಹೆಜ್ಜೆ ಸಿಕ್ಕಿದ್ದು ಮಾರನೇ ದಿನ. ನಡುವೆ ಒಂದು ರಾತ್ರಿ ಇದೆ. ಆ ರಾತ್ರಿ ಲೈನಿನಲ್ಲಿ ಎಲ್ಲರೂ ಇದೇ ಮಾತಾಡಿರುತ್ತಾರೆ. ಬೆಳಗ್ಗೆ ಹತ್ತು ಜನ ಹೋಗಿ ಹುಡುಕಿದರೆ ಮಳೆಗಾಲದ ಹಳ್ಳದ ದಂಡೆಯಲ್ಲಿ ಏನಾದರೂ ಒಂದು ಹೆಜ್ಜೆ ಸಿಕ್ಕೇ ಸಿಗುತ್ತೆ. ಆ ಕರಡಿ ಮೂರು ದಿನ ಮೊದಲೇ ದಾಟಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯ್ತು ಅನ್ನುತ್ತೇವಲ್ಲ, ಅದೇ ಥರ. ನೀವು ಬರೆದಿರುವ ಒಂದು ಪದವನ್ನೂ ಗಮನಿಸಿ: ‘ನೋಡಿದರಂತೆ’. ಕನ್ನಡದಲ್ಲಿ ಈ ‘ಅಂತೆ’ ಇದೆಯಲ್ಲ, ಜನರ ಬಾಯಿಮಾತು ಬರೆದುಕೊಳ್ಳುವ ನನ್ನ ಕಸುಬಿನವರಿಗೆ ಇದಕ್ಕಿಂತ ಉಪಕಾರಿ ಪ್ರತ್ಯಯ ಇನ್ನೊಂದಿಲ್ಲ. ‘ನೋಡಿದೆ’ ಅಂದವರ ಮಾತನ್ನು ಒಂದು ಪುಟದಲ್ಲಿ ಬರೆದುಕೊಳ್ಳಬೇಕು, ‘ನೋಡಿದರಂತೆ’ ಅಂದವರದ್ದನ್ನು ಇನ್ನೊಂದು ಪುಟದಲ್ಲಿ. ಎರಡನ್ನೂ ಕಲಸಿದರೆ ಮುಗೀತು.

ಅವರನ್ನು ಮತ್ತೆ ಕೂರಿಸಿ ಕೇಳಿ. ಆದರೆ ಕೇಳುವ ರೀತಿ ಮುಖ್ಯ. ಈ ವಿಷಯದಲ್ಲಿ ನಾನೇ ಒಮ್ಮೆ ಚೆನ್ನಾಗಿ ಮುಗ್ಗರಿಸಿದ್ದೇನೆ.

ಓದು ಮುಗಿಸಿ ಹೊಸದಾಗಿ ಸಕಲೇಶಪುರದ ಬಿಸಿಲೆ ಕಡೆ ಕ್ಷೇತ್ರಕಾರ್ಯಕ್ಕೆ ಹೋಗಿದ್ದೆ. ಕಾಡಂಚಿನ ಒಂದು ಮನೆಯ ಹಿರಿಯರು ರಾತ್ರಿ ಕಾಡಲ್ಲಿ ಕೂಗುವ ಒಂದು ಜೀವದ ಬಗ್ಗೆ ಹೇಳಿದರು. ಕೈ ನಮ್ಮ ಕೈ ಥರಾನೇ, ಬೆರಳಲ್ಲಿ ಹಿಡಿದುಕೊಳ್ಳುತ್ತೆ, ಮುಖ ಮಗುವಿನಂತೆ, ಬಾಲ ಇಲ್ಲ. ನನಗೆ ರೋಮಾಂಚನ! ನೋಟ್‌ಬುಕ್ ತೆಗೆದು ಒಂದರ ಹಿಂದೆ ಒಂದು ಕೇಳಿದೆ. ಮನುಷ್ಯರ ಥರ ನಡೆಯುತ್ತಾ? ‘ಹೂಂ ಸ್ವಾಮಿ, ನಡೀತದೆ.’ ಅಳುತ್ತಾ? ‘ಹೂಂ, ಅಳ್ತದೆ.’ ಮನುಷ್ಯರ ವಾಸನೆ ಬಂದರೆ ಅಡಗಿಕೊಳ್ಳುತ್ತಾ? ‘ಹೂಂ ಮತ್ತೆ.’ ಎರಡು ಪುಟ ತುಂಬಿತು. ಮೂರನೇ ರಾತ್ರಿ ಅವರೇ ಟಾರ್ಚ್ ಹಿಡಿದು ಕರೆದುಕೊಂಡು ಹೋದರು. ಕಾಲಿಗೆಲ್ಲ ಇಂಬಳ, ಮೇಲಿಂದ ಜಡಿಮಳೆ. ಒಂದು ಪೊದೆಯ ಬಳ್ಳಿ ಮೇಲೆ ಬೆಳಕು ಬಿಟ್ಟರು. ಕೆಂಡದ ಥರ ಎರಡು ಕಣ್ಣು, ಅಂಗೈಯಲ್ಲಿ ಕೂರುವಷ್ಟು ಮೈ. ನಿಧಾನಕ್ಕೆ, ಒಂದೊಂದೇ ಕೈ ಬದಲಾಯಿಸುತ್ತಾ ಬಳ್ಳಿ ಹಿಡಿದು ನಡೆಯುತ್ತಿತ್ತು. ‘ಇದೇ ಸ್ವಾಮಿ, ಕಾಡುಪಾಪ.’

ಅವರಿಗೆ ಅದು ಏನು ಅಂತ ಮೊದಲಿಂದಲೂ ಗೊತ್ತು. ಗೊತ್ತಿಲ್ಲದೆ ಇದ್ದವನು ನಾನು. ಹೆಸರೇನು ಅಂತ ನಾನು ಕೇಳಲೇ ಇಲ್ಲ. ನಾನು ಏನು ಕೇಳಬೇಕೆಂದಿದ್ದೆನೋ ಅದನ್ನೇ ಅವರ ಬಾಯಿಂದ ಹೇಳಿಸಿದ್ದೆ. ಮಲೆನಾಡಿನಲ್ಲಿ ಮನೆಗೆ ಬಂದವರಿಗೆ ಮುಖದ ಮೇಲೆ ಇಲ್ಲ ಅನ್ನುವುದಿಲ್ಲ, ಅದು ಅವರ ಮರ್ಯಾದೆ. ಅದನ್ನು ನಾನು ಪುರಾವೆ ಅಂದುಕೊಂಡಿದ್ದೆ. (ಆ ಎರಡು ಪುಟ ಈಗಲೂ ಇಟ್ಟುಕೊಂಡಿದ್ದೇನೆ. ವಿದ್ಯಾರ್ಥಿಗಳು ಜಾಸ್ತಿ ಹಾರಾಡಿದಾಗ ತೋರಿಸುತ್ತೇನೆ.)

ಅದಕ್ಕೆ ಹೇಳಿದ್ದು, ‘ಮನುಷ್ಯನ ಥರ ಇತ್ತಾ?’, ‘ಬಾಲ ಇರಲಿಲ್ಲ ಅಲ್ವಾ?’ ಅಂತ ಕೇಳಬೇಡಿ. ಆಗ ನೀವು ಏನು ಮಾಡುತ್ತಿದ್ದಿರಿ, ಹಳ್ಳದ ಯಾವ ಕಡೆ ನಿಂತಿದ್ದಿರಿ, ಬೆಳಕು ಎಷ್ಟಿತ್ತು, ಮೊದಲು ಕಂಡಿದ್ದು ಏನು, ಆಮೇಲೆ ಅದು ಯಾವ ಕಡೆ ಹೋಯ್ತು ಅಂತ ಕೇಳಿ ಸುಮ್ನೆ ಕೂತುಬಿಡಿ. ಅವರು ಹೇಳಲಿ. ಮುಸುವ ಒಂದು ಹಿಂಗಾಲಿನ ಮೇಲೆ ಎದ್ದು ನಿಂತರೆ ಮಬ್ಬಿನಲ್ಲಿ ಹೆಚ್ಚುಕಮ್ಮಿ ಮೂರಡಿಯೇ ಕಾಣುತ್ತೆ, ಬಾಲ ಹಿಂದಿನ ಪೊದೆಯಲ್ಲಿ ಸೇರಿಹೋಗಿರುತ್ತೆ. ಕರಡಿ ಮರಿ ತಾಯಿಯನ್ನು ಹುಡುಕುತ್ತಾ ಎದ್ದು ನಿಲ್ಲುವುದೂ ಉಂಟು. ಭದ್ರಾ ಕಾಡಿನಿಂದ ಅರಸೀಕೆರೆ ಗುಡ್ಡದ ತನಕ ನಮ್ಮ ಎರಡೂ ಜಿಲ್ಲೆಯಲ್ಲಿ ಕರಡಿ ಇದೆ.

ಈಗ ನೀವು ಓದಿದ ಮಾನವಶಾಸ್ತ್ರಜ್ಞರ ವಿಷಯ. ಅವರ ಹೆಸರು ಗ್ರೆಗರಿ ಫೋರ್ತ್. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ದೆವ್ವ ಹುಡುಕುವ ಟಿವಿ ಮಂದಿಯ ಜೊತೆ ಅವರನ್ನು ಸೇರಿಸಬೇಡಿ. 1984ರಿಂದ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಕೆಲಸ ಮಾಡಿದವರು. ಅಲ್ಲಿನ ನಾಗೆ ಜನ ಹಕ್ಕಿ, ಪ್ರಾಣಿಗಳನ್ನು ಹೇಗೆ ಗುಂಪು ಮಾಡುತ್ತಾರೆ, ಯಾವುದಕ್ಕೆ ಏನು ಹೆಸರಿಡುತ್ತಾರೆ ಅಂತ ವರ್ಷಗಟ್ಟಲೆ ಕೂತು ಬರೆದುಕೊಂಡವರು. ಹಾಗೆ ಬರೆದುಕೊಳ್ಳುವಾಗಲೇ ‘ಎಬು ಗೊಗೊ’ ಅನ್ನುವ ಕುಳ್ಳರ ಕತೆ ಅವರಿಗೆ ಸಿಕ್ಕಿತು. ಗಿಡ್ಡ, ಮೈಯೆಲ್ಲ ಕೂದಲು, ಗುಹೆಯಲ್ಲಿ ವಾಸ, ಸಿಕ್ಕಿದ್ದೆಲ್ಲ ತಿನ್ನುವ ಬಕಾಸುರರು, ಊರಿನ ಬೆಳೆ ಕದಿಯುತ್ತಿದ್ದವರು. ಊರವರು ಸಾಕಾಗಿ, ಬಟ್ಟೆ ಮಾಡಿಕೊಳ್ಳಿ ಅಂತ ತಾಳೆ ನಾರು ಕೊಟ್ಟು, ಅದನ್ನು ಗುಹೆಗೆ ತುಂಬಿಕೊಂಡ ಮೇಲೆ ಬೆಂಕಿ ಹಚ್ಚಿ ಮುಗಿಸಿದರಂತೆ.

ಕತೆ ಅಂದಮೇಲೆ ಕತೆ, ಬಿಡಿ. ಆದರೆ 2003ರಲ್ಲಿ ಅದೇ ದ್ವೀಪದ ಲಿಯಾಂಗ್ ಬುವಾ ಗುಹೆಯಲ್ಲಿ ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾದ ತಂಡ ಸುಮಾರು ಆರು ಮೀಟರ್ ಆಳಕ್ಕೆ ಅಗೆದಾಗ ಒಂದು ಅಸ್ಥಿಪಂಜರ ಸಿಕ್ಕಿತು. ಮೂಳೆ ಕಲ್ಲಾಗಿರಲಿಲ್ಲ, ನೆನೆದ ಕಾಗದದ ಥರ ಮೆತ್ತಗಿತ್ತು. ಮಗುವಿನದು ಅಂದುಕೊಳ್ಳುವಷ್ಟು ಸಣ್ಣದು, ಆದರೆ ಹಲ್ಲು ನೋಡಿದರೆ ಬೆಳೆದ ಹೆಂಗಸು. ಎತ್ತರ ಸುಮಾರು 106 ಸೆಂಟಿಮೀಟರ್, ಅಂದ್ರೆ ಮೂರೂವರೆ ಅಡಿ. ಮಿದುಳು ನಮ್ಮದರ ಮೂರನೇ ಒಂದು ಭಾಗಕ್ಕೂ ಕಡಿಮೆ. 2004ರ ಅಕ್ಟೋಬರಿನಲ್ಲಿ ಇದನ್ನು ಹೊಸ ಮಾನವ ಜಾತಿ ಅಂತ ಪ್ರಕಟಿಸಿದರು: ಹೋಮೋ ಫ್ಲೋರೆಸಿಯೆನ್ಸಿಸ್. ಇಲ್ಲ, ಇದು ಯಾರೋ ಕಾಯಿಲೆಯ ಮನುಷ್ಯ ಅಂತ ಕೆಲವರು ವರ್ಷಗಟ್ಟಲೆ ಜಗಳ ಮಾಡಿದರು. 2007ರಲ್ಲಿ ಮಣಿಕಟ್ಟಿನ ಮೂಳೆಗಳನ್ನು ನೋಡಿದಾಗ ಅವು ನಮ್ಮ ಥರ ಇಲ್ಲದೆ, ತುಂಬಾ ಹಳೆಯ ಮಾದರಿಯವು ಅಂತ ಗೊತ್ತಾಗಿ ಆ ವಾದ ಸೊರಗಿತು.

ಫೋರ್ತ್ ಅವರ ಜಾಗದಲ್ಲಿ ನಿಂತು ನೋಡಿ. ಇಪ್ಪತ್ತು ವರ್ಷ ಮೊದಲು ಕೇಳಿದ ಕತೆ, ಈಗ ಅದೇ ದ್ವೀಪದಲ್ಲಿ ಮೂಳೆ. ನನಗಾದರೂ ನಿದ್ದೆ ಬರುತ್ತಿರಲಿಲ್ಲ. ಅವರು ಲಿಯೋ ಎಂಬ ಇನ್ನೊಂದು ಜನರ ನಡುವೆ ವಿಚಾರಿಸುತ್ತಾ ಹೋದರು. ಅಲ್ಲಿ ‘ಲಾಯ್ ಹೊಅ’ ಅನ್ನುವ ಜೀವಿ, ಅದು ಈಗಲೂ ಇದೆ, ಅಪರೂಪಕ್ಕೆ ಕಾಣುತ್ತೆ ಅಂತ ಜನ ಹೇಳಿದರು. ಕಣ್ಣಾರೆ ಕಂಡೆವು ಅನ್ನುವ 30ಕ್ಕೂ ಹೆಚ್ಚು ಜನರ ಮಾತು ಅವರಿಗೆ ಸಿಕ್ಕಿತು. ಒಬ್ಬರಂತೂ ಸತ್ತ ಒಂದನ್ನು ತಾವೇ ಸಾಗಹಾಕಲು ಕೈಹಾಕಿದ್ದಾಗಿಯೂ, ಅದು ಖಂಡಿತ ಮಂಗ ಅಲ್ಲ, ಹಾಗಂತ ಮನುಷ್ಯನೂ ಅಲ್ಲ ಎಂದೂ ಹೇಳಿದರಂತೆ. 2022ರಲ್ಲಿ ಫೋರ್ತ್ ಇದನ್ನೆಲ್ಲ ಪುಸ್ತಕ ಮಾಡಿ, ನಮ್ಮದಲ್ಲದ ಒಂದು ಮಾನವ ಜಾತಿ ಅಲ್ಲಿ ಇತ್ತೀಚಿನವರೆಗೂ, ಬಹುಶಃ ಈಗಲೂ, ಉಳಿದಿರಬಹುದು ಎಂಬ ಕಡೆಗೆ ವಾಲಿದರು.

ನಾನು ಅವರ ಜೊತೆ ಅಲ್ಲಿಯವರೆಗೆ ಹೋಗುವುದಿಲ್ಲ. ಮೊದಲನೆಯದು ಕಾಲದ ಲೆಕ್ಕ. ಮೊದಲು ಆ ಮೂಳೆಗಳಿಗೆ 18,000 ವರ್ಷ ಅಂದಿದ್ದರು, ಆಗ ಕತೆಗೂ ಮೂಳೆಗೂ ಸಂಬಂಧ ಕಟ್ಟುವುದು ಸುಲಭ ಇತ್ತು. 2016ರಲ್ಲಿ ಗುಹೆಯ ಮಣ್ಣಿನ ಪದರಗಳನ್ನು ಮತ್ತೆ ಅಳೆದಾಗ ಮೂಳೆಗಳು 1,00,000ದಿಂದ 60,000 ವರ್ಷ ಹಳೆಯವು, ಅವರ ಕಲ್ಲಿನ ಆಯುಧಗಳು ಸುಮಾರು 50,000 ವರ್ಷದ ಹಿಂದಿನವರೆಗೆ ಸಿಗುತ್ತವೆ ಅಂತ ಆಯ್ತು. ಐವತ್ತು ಸಾವಿರ ವರ್ಷದ ನೆನಪನ್ನು ಬಾಯಿಂದ ಬಾಯಿಗೆ ಉಳಿಸಿಕೊಳ್ಳುವುದು ಅಂದ್ರೆ ಏನು! ನಮ್ಮ ಮನೆಗಳಲ್ಲಿ ಮುತ್ತಜ್ಜನ ಅಪ್ಪನ ಹೆಸರು ಹೇಳಿ ನೋಡೋಣ.

ಎರಡನೆಯದು ಜಾಗ. ಫ್ಲೋರೆಸ್ ಸುಮಾರು 14,000 ಚದರ ಕಿಲೋಮೀಟರ್. ಹಾಸನ 6,814, ಚಿಕ್ಕಮಗಳೂರು 7,201, ಕೂಡಿ ನೋಡಿ, ನಮ್ಮ ಎರಡು ಜಿಲ್ಲೆ ಸೇರಿದಷ್ಟೇ ಜಾಗ, ಅದರಲ್ಲಿ ಲಕ್ಷಾಂತರ ಜನ. ಯಾವ ಜೀವಿಯೂ ಒಂಟಿಯಾಗಿ ಸಾವಿರಾರು ವರ್ಷ ಉಳಿಯಲ್ಲ. ಗಂಡು ಹೆಣ್ಣು ಬೇಕು, ಮರಿ ಬೇಕು, ನೂರಾರು ಇರಬೇಕು. ನೂರಾರು ಇದ್ದರೆ ಸಾಯುತ್ತವೆ, ಸತ್ತರೆ ಮೂಳೆ ಬೀಳುತ್ತೆ, ನಾಯಿ ಕಚ್ಚಿಕೊಂಡು ಬರುತ್ತೆ. ನಮ್ಮ ಕಡೆ ಒಂದು ಹುಲಿ ತೋಟ ದಾಟಿದರೆ ಬೆಳಗಾಗುವುದರೊಳಗೆ ಇಡೀ ತಾಲ್ಲೂಕಿಗೆ ಸುದ್ದಿ. 2018ರ ಹುಲಿ ಗಣತಿಯಲ್ಲಿ ದೇಶದ 26,838 ಜಾಗದಲ್ಲಿ ಕ್ಯಾಮೆರಾ ಕಟ್ಟಿದ್ದರು, ಕಾಡುಪ್ರಾಣಿಗಳ ಸುಮಾರು 3.48 ಕೋಟಿ ಫೋಟೋ ಬಂದವು, ಅದರಲ್ಲಿ ಹುಲಿಯದು 76,651. ನಮ್ಮ ಕಾಡಿನಲ್ಲಿ ಮೂರಡಿಯ ಮನುಷ್ಯ ಓಡಾಡುತ್ತಿದ್ದರೆ ಇಷ್ಟು ಹೊತ್ತಿಗೆ ಅವನಿಗೂ ಒಂದು ನಂಬರ್ ಕೊಟ್ಟಿರುತ್ತಿದ್ದರು. ಫ್ಲೋರೆಸ್‌ನಲ್ಲಿ ಹೆಣ ನೋಡಿದವರು ಇದ್ದಾರೆ, ಆದರೆ ಆ ಹೆಣದ ಒಂದು ಹಲ್ಲೂ ಲ್ಯಾಬಿಗೆ ಬಂದಿಲ್ಲ. ಅಲ್ಲಿಗೆ ನನ್ನ ಬಂಡಿ ನಿಲ್ಲುತ್ತೆ.

ಹಾಗಂತ ಕಾಡಿನವರ ಮಾತು ಸುಳ್ಳು ಅಂತಲ್ಲ. 1992ರಲ್ಲಿ ವಿಯೆಟ್ನಾಮಿನ ಬೇಟೆಗಾರರ ಮನೆಯಲ್ಲಿ ತೂಗುಹಾಕಿದ್ದ ಉದ್ದ ಕೊಂಬು ನೋಡಿ ‘ಸಾವೋಲಾ’ ಎಂಬ ದೊಡ್ಡ ಪ್ರಾಣಿ ವಿಜ್ಞಾನಕ್ಕೆ ಗೊತ್ತಾಯ್ತು. ಬೇಟೆಗಾರರಿಗೆ ಅದು ಹೊಸದೇ ಅಲ್ಲ. 2005ರಲ್ಲಿ ಅರುಣಾಚಲದ ತವಾಂಗ್ ಕಡೆಯ ಮಂಗವೊಂದನ್ನು ಹೊಸ ಜಾತಿ ಅಂತ ಪ್ರಕಟಿಸಿದರು, ಆ ಕೆಲಸದಲ್ಲಿ ನಮ್ಮ ಬೆಂಗಳೂರು, ಮೈಸೂರಿನ ಸಂಶೋಧಕರಿದ್ದರು. ಅದಕ್ಕೆ ಇಟ್ಟ ‘ಮುಂಜಾಲಾ’ ಅನ್ನುವ ಹೆಸರು ಅಲ್ಲಿನ ಮೋನ್ಪಾ ಜನರದ್ದೇ, ದಟ್ಟ ಕಾಡಿನ ಮಂಗ ಅಂತ ಅರ್ಥ. ಫೋರ್ತ್ ಅವರ ಕೆಲಸದಲ್ಲೂ ನನಗೆ ಬೆಲೆಬಾಳುವುದು ಅನ್ನಿಸುವುದು ಇದೇ: ಜನ ಆ ಜೀವಿಯನ್ನು ಭೂತದ ಸಾಲಿಗೆ ಸೇರಿಸುತ್ತಾರೋ, ಪ್ರಾಣಿಯ ಸಾಲಿಗೋ ಅಂತ ಅವರು ಕೇಳಿದರು. ನಮ್ಮಲ್ಲೂ ಕೇಳಿ ನೋಡಿ. ಚೌಡಿ, ಜಟ್ಟಿಗ, ಕೊಳ್ಳಿದೆವ್ವ ಒಂದು ಕಡೆ, ಮುಸುವ, ಕಾಡುಪಾಪ, ಕರಡಿ ಇನ್ನೊಂದು ಕಡೆ. ಯಾರೂ ತಪ್ಪಿಯೂ ಕಲಸುವುದಿಲ್ಲ. ಚೌಡಿಗೆ ಕೋಳಿ ಕೊಡುತ್ತಾರೆ, ಮುಸುವನಿಗೆ ಕೊಡುತ್ತಾರಾ?

ನಿಮ್ಮಜ್ಜಿಯ ಮೋರಿಯರ ಕತೆಗೆ ಬರೋಣ. ಇದು ನನಗೆ ತುಂಬ ಇಷ್ಟದ ಕತೆ. ಮೂರಡಿಯ ಜನ, ಕುಳ್ಳರಾದರೂ ಭಾರೀ ಬಲ, ದೊಡ್ಡ ದೊಡ್ಡ ಚಪ್ಪಡಿ ಎತ್ತಿ ಮನೆ ಕಟ್ಟಿಕೊಂಡರು, ಕೊನೆಗೆ ಬೆಂಕಿ ಮಳೆ ಸುರಿದು ಆ ಕಲ್ಲು ಮನೆಯೊಳಗೇ ಸತ್ತರು, ಇಷ್ಟೇ ಅಲ್ವಾ? ಆ ಕಲ್ಲು ಮನೆಗಳು ನಿಜವಾಗಿ ಇವೆ. ಕೆಲವು ಕಡೆ ಪಾಂಡವರ ಮನೆ ಅನ್ನುತ್ತಾರೆ, ಕೆಲವು ಕಡೆ ಮೋರಿಯರ ಮನೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ ಇಂಥ ರಚನೆಗಳು ಸುಮಾರು 400 ಇವೆ, ಒಮ್ಮೆ ಹೋಗಿ ಬನ್ನಿ. ಅವು ವಾಸದ ಮನೆ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣ ಬಂದ ಕಾಲದಲ್ಲಿ, ನಮ್ಮಷ್ಟೇ ಎತ್ತರದ ಜನ ಸತ್ತವರಿಗಾಗಿ ಕಟ್ಟಿದ್ದು. ನಾಲ್ಕು ಚಪ್ಪಡಿ ಗೋಡೆ, ಮೇಲೊಂದು ಚಪ್ಪಡಿ ಸೂರು, ಕೆಲವಕ್ಕೆ ಮುಂದಿನ ಗೋಡೆಯಲ್ಲಿ ಗುಂಡಗೆ ಕೊರೆದ ಒಂದು ಕಿಂಡಿ. ನಾನು ಮೊದಲ ಸಲ ನೋಡಿದಾಗ ಆ ಕಿಂಡಿಗೆ ತಲೆ ತೂರಿಸಿದೆ, ಭುಜ ಸಿಕ್ಕಿಹಾಕಿಕೊಂಡಿತು. ಆಗ ಹೊಳೆಯಿತು. ಇದು ಮನೆ ಅಂದುಕೊಂಡು ಬಂದವರು ಈ ಬಾಗಿಲು ನೋಡಿ ಇನ್ನೇನು ಯೋಚಿಸಿಯಾರು? ಇದರಲ್ಲಿ ನುಗ್ಗುವವರು ಮೂರಡಿಯೇ ಇರಬೇಕು, ಈ ಕಲ್ಲು ಎತ್ತಿದವರಿಗೆ ಆನೆ ಬಲ ಇರಬೇಕು, ಈಗ ಕಾಣುವುದಿಲ್ಲ ಅಂದ್ರೆ ಏನೋ ಆಗಿ ಸತ್ತಿರಬೇಕು. ನನ್ನ ಲೆಕ್ಕದಲ್ಲಿ ಕುಳ್ಳರು ಹುಟ್ಟಿದ್ದು ಆ ಕಿಂಡಿಯಿಂದ. ಫ್ಲೋರೆಸ್‌ನಲ್ಲಿ ಗುಹೆ, ನಮ್ಮಲ್ಲಿ ಕಲ್ಲು ಮನೆ, ಎರಡೂ ಕಡೆ ಬೆಂಕಿಯಲ್ಲೇ ಸಾವು. ಈ ಹೋಲಿಕೆ ನೋಡಿ ಅಲ್ಲಿಂದ ಇಲ್ಲಿಗೆ ಕುಳ್ಳರು ಬಂದಿದ್ದರು ಅಂತ ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಮನುಷ್ಯರಂಥ ಜೀವಿ’ ಅನ್ನುವ ಮಾತು ಒಮ್ಮೊಮ್ಮೆ ಮನುಷ್ಯರ ತಲೆಗೇ ಕಟ್ಟಿಬಿಡುತ್ತೆ. ಕಪ್ಪು ಸಮುದ್ರದ ಪಕ್ಕದ ಅಬ್ಖಾಜಿಯಾದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಝಾನಾ ಎಂಬ ಹೆಂಗಸಿದ್ದಳು. ಕಾಡಲ್ಲಿ ಹಿಡಿದು ತಂದ ಕಾಡುಮನುಷ್ಯಳು ಅಂತಲೇ ಅವಳನ್ನು ಇಟ್ಟುಕೊಂಡಿದ್ದರು. ಅವಳಿಗೆ ಊರಿನ ಗಂಡಸರಿಂದ ಮಕ್ಕಳೂ ಆದವು. ಆಮೇಲೆ ಬಂದ ಕೆಲವು ರಷ್ಯನ್ ಸಂಶೋಧಕರು ಅವಳು ಬದುಕುಳಿದ ಆದಿಮಾನವ ಜಾತಿಯವಳಿರಬೇಕು ಅಂದರು. 2021ರಲ್ಲಿ ಅವಳ ಮೂಳೆಯ ಡಿಎನ್‌ಎ ಪ್ರಕಟವಾಯ್ತು. ಆಫ್ರಿಕಾ ಮೂಲದ, ನಮ್ಮ ನಿಮ್ಮ ಥರದ ಹೆಂಗಸು. ಅಷ್ಟೆ. ನಮ್ಮ ಕಡೆಯೂ ಕಾಡಂಚಿನ ಜನರ ಬಗ್ಗೆ ಪೇಟೆಯವರು ಆಡುವ ಕೆಲವು ಮಾತು ಕೇಳಿದಾಗ ನನಗೆ ಝಾನಾ ನೆನಪಾಗುತ್ತಾಳೆ.

ಅಮೆರಿಕದ ಕಾಡಿನಲ್ಲಿದೆ ಅಂತ ಕೆಲವರು ನಂಬುವ, ಮನುಷ್ಯರಂಥ ದೈತ್ಯ ಬಿಗ್‌ಫುಟ್ ಬಗ್ಗೆ ಬರೆದರೆ ಇನ್ನೊಂದು ಉತ್ತರವೇ ಬೇಕು. ಒಬ್ಬರ ಹೆಸರು ಮಾತ್ರ ಹೇಳುತ್ತೇನೆ, ಗ್ರೋವರ್ ಕ್ರಾಂಟ್ಜ್. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಪ್ರೊಫೆಸರ್, ಜೀವನಪೂರ್ತಿ ಬಿಗ್‌ಫುಟ್ ಹಿಂದೆ ಬಿದ್ದವರು, ಹೆಣ ತೋರಿಸದೆ ಯಾರೂ ನಂಬಲ್ಲ, ಒಂದನ್ನು ಗುಂಡಿಟ್ಟಾದರೂ ತರಬೇಕು ಅಂತ ವಾದಿಸಿದವರು. 2002ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಅವರ ಅಸ್ಥಿಪಂಜರವನ್ನೂ ಅವರ ನಾಯಿ ಕ್ಲೈಡ್‌ನ ಅಸ್ಥಿಪಂಜರವನ್ನೂ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಒಟ್ಟಿಗೆ ನಿಲ್ಲಿಸಿದರು. ಬಿಗ್‌ಫುಟ್ ಮೂಳೆ ಸಿಗಲಿಲ್ಲ, ಹುಡುಕಿದವರ ಮೂಳೆ ಮ್ಯೂಸಿಯಂ ಸೇರಿತು.

ಈಗ ನೀವು ಮಾಡಬೇಕಾದ್ದು. ಆ ಹಳ್ಳದ ದಂಡೆಯಲ್ಲಿ ಹುತ್ತ ಅಗೆದಿದೆಯಾ ನೋಡಿ, ಮರದ ಮೇಲೆ ಉಗುರು ಗೀರು ಇದೆಯಾ ನೋಡಿ. ಲದ್ದಿ ಸಿಕ್ಕರೆ ಕಡ್ಡಿಯಲ್ಲಿ ಕೆದಕಿ, ಹಲಸಿನ ಬೀಜವೋ ಗೆದ್ದಲಿನ ಚೂರೋ ಇದ್ದರೆ ಕರಡಿಯದೇ ಇರಬಹುದು. ಸತ್ತ ಮಂಗ ಏನಾದರೂ ಕಂಡರೆ ಮಾತ್ರ ಮುಟ್ಟಬೇಡಿ, ಮಂಗನ ಕಾಯಿಲೆಯ ಭಯ ಇದೆ, ಆರೋಗ್ಯ ಇಲಾಖೆಗೆ ತಿಳಿಸಿ. ಸಂಜೆ ಆ ದಾರಿಯಲ್ಲಿ ಒಬ್ಬೊಬ್ಬರೇ ಹೋಗುವುದು ಬೇಡ. ಮರಿ ಜೊತೆಗಿರುವ ಕರಡಿ ಯಾವ ಕುಳ್ಳ ಮನುಷ್ಯನಿಗಿಂತಲೂ ಅಪಾಯ.

ಮತ್ತೆ ನಿಮ್ಮ ಲೈನಿನವರನ್ನು ಯಾರೂ ಗೇಲಿ ಮಾಡದ ಹಾಗೆ ನೋಡಿಕೊಳ್ಳಿ. ಒಮ್ಮೆ ನಕ್ಕರೆ ಮುಂದಿನ ಸಲ ನಿಜವಾಗಿ ಏನಾದರೂ ಕಂಡರೂ ಅವರು ಬಾಯಿ ಬಿಡಲ್ಲ. ಅವರು ಕಂಡಿದ್ದನ್ನು ಇಷ್ಟೆಲ್ಲ ವಿವರವಾಗಿ ಬರೆದಿದ್ದೀರಿ, ಆದರೆ ಅವರು ಅದನ್ನು ಏನೆಂದು ಕರೆದರು ಅಂತ ಬರೆದಿಲ್ಲ. ಅದೊಂದನ್ನು ಕೇಳಿ, ಅವರು ಹೇಳಿದ ಹಾಗೆಯೇ ನನಗೆ ಬರೆದು ಕಳಿಸಿ.